ಸಂದರ್ಭ ಕತ್ತರಿಸಿ ಓದಿಸಿದ ಪತ್ರ

ಕಾಲೇಜಿನಲ್ಲಿ ಕಲಿತ ರೋಮನ್ ಇತಿಹಾಸದಲ್ಲಿ ಇಂದಿಗೂ ಮನಸ್ಸಿನಲ್ಲಿ ನಿಂತಿರುವುದು ಲೇಖಕ, ತತ್ವಜ್ಞಾನಿ ಅಪುಲೆಯಸ್‌ನ ಮೇಲೆ ಹೂಡಿದ್ದ ಮಾಟದ ಮೊಕದ್ದಮೆ. ವಾದ ಕಟ್ಟುವ ಬಗೆಯನ್ನು ನಮ್ಮ ಇತಿಹಾಸದ ಮೇಷ್ಟ್ರು ಇದರಿಂದಲೇ ಕಲಿಸಿದರು.

ಕ್ರಿ.ಶ. 158ರ ಸುಮಾರಿಗೆ ಉತ್ತರ ಆಫ್ರಿಕಾದ ಸಬ್ರಾತಾದಲ್ಲಿ, ಪ್ರಾಂತಾಧಿಪತಿ ಕ್ಲಾಡಿಯಸ್ ಮ್ಯಾಕ್ಸಿಮಸ್‌ನ ಮುಂದೆ ವಿಚಾರಣೆ. ಓಯಾ ಊರಿನ ಶ್ರೀಮಂತ ವಿಧವೆ ಪುಡೆಂಟಿಲ್ಲಾಳನ್ನು ಅಪುಲೆಯಸ್ ವಶೀಕರಣದಿಂದ ಮದುವೆಯಾದನೆಂಬುದು ಆಕೆಯ ಮೊದಲ ಗಂಡನ ಅಣ್ಣತಮ್ಮಂದಿರಲ್ಲೊಬ್ಬನಾದ ಎಮಿಲಿಯಾನಸ್‌ನ ದೂರು. ಸಾಬೀತಾದರೆ ತಲೆದಂಡವೂ ಆಗಬಹುದಿತ್ತು.

ಮಾಟಕ್ಕಲ್ಲದೆ ಅಪರೂಪದ ಮೀನು ತರಿಸಿದ್ದೇಕೆ ಎಂದು ಎದುರಾಳಿಗಳು ಕೇಳಿದರೆ, ಅರಿಸ್ಟಾಟಲನಂತೆ ಸೀಳಿ ಪರೀಕ್ಷಿಸಲು ಎಂದು ಅಪುಲೆಯಸ್ ಉತ್ತರಿಸಿದ. ಥಾಲಸ್ ಎಂಬ ಹುಡುಗ ಮಂತ್ರಕ್ಕೆ ಕುಸಿದುಬಿದ್ದನೆಂದರೆ, ಅವನಿಗೆ ಮೂರ್ಛೆರೋಗವಿದೆ, ಮಂತ್ರವಿಲ್ಲದೆಯೂ ಬೀಳುತ್ತಾನೆ ಎಂದ. ಎದುರಾಳಿಗಳು ಸಾಕ್ಷಿಗೆಂದು ಕೇಳಿದ್ದ ಆಳುಗಳನ್ನು ಕರೆತಂದು ನಿಲ್ಲಿಸಿದ. ಅವರನ್ನು ಯಾರೂ ಪ್ರಶ್ನಿಸಲಿಲ್ಲ. ಮಾಟದ್ದೆಂದು ಎದುರಾಳಿಗಳು ದೂರಿದ, ಬಟ್ಟೆಯಲ್ಲಿ ಸುತ್ತಿಟ್ಟ ವಸ್ತುವಿನ ವಿಚಾರದಲ್ಲಿ ಮಾತ್ರ ಅವನ ಉತ್ತರ ಸಪ್ಪೆ. ಅದು ಧಾರ್ಮಿಕ ದೀಕ್ಷೆಯ ಗುಟ್ಟು, ಹೇಳಲಾರೆ ಎಂದುಬಿಟ್ಟ. ಮಾಟದ ಆರೋಪ ಹೊತ್ತವನಿಗೆ ಇಂಥ ಮೌನ ಅಪಾಯಕಾರಿ.

ನಿಜವಾದ ಪೆಟ್ಟು ಪತ್ರದ್ದು. ಪುಡೆಂಟಿಲ್ಲಾ ತನ್ನ ಮಗ ಪಾಂಟಿಯಾನಸ್‌ಗೆ ಗ್ರೀಕಿನಲ್ಲಿ ಬರೆದಿದ್ದಳು. ಅದರಿಂದ ‘ಅಪುಲೆಯಸ್ ಮಂತ್ರವಾದಿ, ನನಗೆ ಮಾಟ ಮಾಡಿದ್ದಾನೆ’ ಎಂಬಷ್ಟನ್ನೇ ಎದುರಾಳಿಗಳು ಕತ್ತರಿಸಿ ಓದಿಸಿದ್ದರು. ಅಪುಲೆಯಸ್ ಮೊದಲೇ ಎಚ್ಚರ ವಹಿಸಿದ್ದ: ಪ್ರಾಂತಾಧಿಪತಿಯ ಆದೇಶದಂತೆ ಸಾಕ್ಷಿಗಳ ಎದುರು ಅದರ ನಕಲು ತೆಗೆಸಿ, ಎಮಿಲಿಯಾನಸ್‌ನಿಂದಲೇ ರುಜು ಹಾಕಿಸಿದ್ದ. ಹಾಗಾಗಿ ನಕಲು ಸುಳ್ಳೆನ್ನಲು ಬರುವಂತಿರಲಿಲ್ಲ. ಆಮೇಲೆ ಅದರ ಹಿಂದುಮುಂದಿನ ಸಾಲುಗಳನ್ನೂ ಓದಿಸಿದ. ಮದುವೆಗೆ ಒತ್ತಾಯಿಸಿದವನೇ ನೀನು, ಈಗ ದುಷ್ಟರ ಮಾತು ಕೇಳಿ ಇದ್ದಕ್ಕಿದ್ದಂತೆ ಆತ ಮಂತ್ರವಾದಿಯಾದನೇ ಎಂದು ತಾಯಿ ಮಗನನ್ನು ಗದರಿದ ಪತ್ರ ಅದು! ಸಂದರ್ಭ ಕಿತ್ತುಹಾಕಿದ ಸಾಕ್ಷ್ಯ ಎಷ್ಟು ಕ್ರೂರವಾಗಬಲ್ಲದೆಂದು ನನಗೆ ಅರ್ಥವಾದದ್ದು ಇದನ್ನು ಓದಿದಾಗಲೇ.

ಕೊನೆಗೆ ಹಣದ ಲೆಕ್ಕ. ಆಕೆಯ ಆಸ್ತಿ 40 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ). ವರದಕ್ಷಿಣೆ ಬರೀ 3 ಲಕ್ಷ. ಮಕ್ಕಳಾಗದೆ ಆಕೆ ತೀರಿಕೊಂಡರೆ ಅದೂ ಮೊದಲ ಗಂಡನ ಮಕ್ಕಳಿಗೇ ಮರಳಬೇಕೆಂಬ ಷರತ್ತು. ಆಮೇಲೆ ಆಕೆಯ ಉಯಿಲಿನ ಮುದ್ರೆ ಒಡೆಸಿದ: ವಾರಸುದಾರ ಅಪುಲೆಯಸ್ ಅಲ್ಲ, ಎಮಿಲಿಯಾನಸ್ ಯಾರ ಹೆಸರಿನಲ್ಲಿ ದೂರು ದಾಖಲಿಸಿದ್ದನೋ ಆಕೆಯ ಆ ಕಿರಿಯ ಮಗ ಪುಡೆನ್ಸ್.