‘ಪ್ರತೀಕ್ಷಾಲಯ’ ಬಳಸುವಾಗ

ರೈಲು ನಿಲ್ದಾಣದ ಹಿಂದಿ ಫಲಕದಲ್ಲಿ ಕಾಣುವ ‘ಪ್ರತೀಕ್ಷಾಲಯ’ ಕನ್ನಡ ವಾಕ್ಯದಲ್ಲೂ ಚೆನ್ನಾಗಿ ಕೂರುತ್ತದೆ. ಕಾಯುವುದಕ್ಕೆಂದೇ ಒಂದು ಆಲಯ, ಎಷ್ಟು ಗೌರವದ ಪದ! ಆದರೆ ‘ತೀ’ ದೀರ್ಘವೇ ಇರಬೇಕು. ಪ್ರತಿ + ಈಕ್ಷಾ, ಅದರ ಮುಂದೆ ಆಲಯ. ಎರಡೂ ಕಡೆ ಸವರ್ಣದೀರ್ಘ ಸಂಧಿ. ಅವಸರದಲ್ಲಿ ‘ಪ್ರತಿ’ಯನ್ನು ಹಾಗೇ ಉಳಿಸಿ ‘ಪ್ರತಿಕ್ಷಾಲಯ’ ಎಂದರೆ ಸಂಧಿಯೇ ಮಾಯ.

ವಿಭಕ್ತಿ ಹಚ್ಚುವುದು ದೇವಾಲಯ, ಗ್ರಂಥಾಲಯಗಳ ಹಾಗೆಯೇ: ‘ಬ್ಯಾಗು ಪ್ರತೀಕ್ಷಾಲಯದಲ್ಲೇ ಉಳಿಯಿತು’, ‘ಅಜ್ಜಿಯನ್ನು ಪ್ರತೀಕ್ಷಾಲಯಕ್ಕೆ ಕರೆದುಕೊಂಡು ಬಾ’. ‘ಪ್ರತೀಕ್ಷಾಲಯದ ಕೊಠಡಿ’ ಬೇಡ, ಜಾಗ ಆಲಯದಲ್ಲೇ ಬಂತು. ಕೊಠಡಿ ಬೇಕೆನಿಸಿದರೆ ‘ನಿರೀಕ್ಷಣಾ ಕೊಠಡಿ’ ಎನ್ನಿ.

ರಸ್ತೆಬದಿಯ ಬಸ್ ಸೂರಿಗೆ ಮಾತ್ರ ಈ ಪದ ತೀರಾ ಭಾರ. ಅಲ್ಲಿ ‘ತಂಗುದಾಣ’ವೇ ಸರಿ: ‘ಮಳೆ ಬಂತು, ತಂಗುದಾಣದಲ್ಲಿ ನಿಂತಿದ್ದೇವೆ.’