ಅಪ್ಪಯ್ಯನ ಮಾತ್ರೆ ಡಬ್ಬಿ: ಎರಡು ಸಲ ಸೋತು, ಮೂರನೇ ಸಲ ಅರ್ಧ ಗೆದ್ದಿದ್ದು

ಹೋದ ವರ್ಷ ಆರಿದ್ರಾ ಮಳೆ ಹಿಡಿದು ಒಂದು ವಾರ ಆಗಿತ್ತು. ಅಮ್ಮ ಫೋನ್ ಮಾಡಿದಳು. "ನೀನು ತಂದುಕೊಟ್ಟ ಡಬ್ಬಿಯಲ್ಲಿ ಅಪ್ಪಯ್ಯನ ಬಿಪಿ ಮಾತ್ರೆ ಕೈಗೆ ಅಂಟ್ತಾ ಇದೆ ಮಾರಾಯ. ಕೊಡ್ಲೋ ಬೇಡ್ವೋ?"

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಆಗುಂಬೆ ಮಳೆ ಗೊತ್ತಲ್ಲ, ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜುಲೈ ತಿಂಗಳಲ್ಲಿ ಬೆಂಕಿಪೊಟ್ಟಣವನ್ನು ಒಲೆದಂಡೆ ಮೇಲೇ ಇಡಬೇಕು. ಚಪ್ಪಲಿಗೆ ಬೂಷ್ಟು ಬರುತ್ತೆ. ಬಟ್ಟೆ ಬಚ್ಚಲ ಒಲೆ ಮೇಲಿನ ಗಳದಲ್ಲಿ ಮೂರು ದಿನ ಹೊಗೆ ಕುಡಿದರೂ ಒಣಗೋದಿಲ್ಲ. ಇಂಥ ಮನೆಗೆ ನಾನು ಬೆಂಗಳೂರಿನಿಂದ ಒಂದು ಚಂದದ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟಿದ್ದೆ. ಏಳು ದಿನ, ದಿನಕ್ಕೆ ಮೂರು ಹೊತ್ತು, ಒಟ್ಟು 21 ಖಾನೆ. ಭಾನುವಾರ ಕೂತು ಎಲ್ಲ ಸ್ಟ್ರಿಪ್‌ಗಳಿಂದ ಮಾತ್ರೆ ಬಿಡಿಸಿ ತುಂಬಿಟ್ಟರೆ ವಾರವಿಡೀ ನಿಶ್ಚಿಂತೆ ಅಂತ ಅಮ್ಮನಿಗೆ ಪಾಠ ಬೇರೆ ಮಾಡಿದ್ದೆ.

ಅಪ್ಪಯ್ಯ ತಗೊಳ್ಳೋ ಬಿಪಿ ಮಾತ್ರೆ ಟೆಲ್ಮಿಸಾರ್ಟನ್. ಇದು ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುವ ಜಾತಿ. ತಗೊಳ್ಳುವ ಹೊತ್ತಿಗಷ್ಟೇ ಬಿಡಿಸಿ ಅಂತ ತಯಾರಕರ ಸೂಚನೆಯಲ್ಲೇ ಇರುತ್ತೆ. ನಾನು ಓದಿರಲಿಲ್ಲ. ಆ ಚೀಟಿಯನ್ನು ಯಾರು ಬಿಡಿಸಿ ಓದ್ತಾರೆ ಹೇಳಿ, ಅಕ್ಷರ ಸಾಸಿವೆಗಿಂತ ಸಣ್ಣ. ಫಿಟ್ಸ್‌ಗೆ ಕೊಡೋ ಸೋಡಿಯಂ ವಾಲ್ಪ್ರೊಯೇಟ್ ಮಾತ್ರೆಯದ್ದೂ ಇದೇ ಕಥೆ, ಬಿಚ್ಚಿಟ್ಟರೆ ಮೆತ್ತಗಾಗುತ್ತೆ. ಆಸ್ಪಿರಿನ್‌ಗೆ ತೇವ ತಗುಲಿದರೆ ಅದು ನಿಧಾನಕ್ಕೆ ಒಡೆದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲ ಆಗುತ್ತೆ. ಅಸಿಟಿಕ್ ಆಮ್ಲ ಅಂದರೆ ವಿನೆಗರ್‌ನಲ್ಲಿರೋದೇ. ಕಪಾಟಿನ ಮೂಲೆಯಲ್ಲಿ ಅದರ ಹಿಂದಿನ ಮಳೆಗಾಲದಿಂದ ಉಳಿದಿದ್ದ ಒಂದು ಆಸ್ಪಿರಿನ್ ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಗೋಬಿ ಮಂಚೂರಿ ಗಾಡಿ ಮುಂದೆ ನಿಂತ ಹಾಗಾಯಿತು. ಬಾಟಲಿಯೊಳಗೆ ಹತ್ತಿ ಹಾಗೇ ಇತ್ತು. ಹತ್ತಿ ಇದ್ದರೆ ಮಾತ್ರೆ ಬೆಚ್ಚಗಿರುತ್ತೆ ಅಂತ ಅಮ್ಮನ ಲೆಕ್ಕ. ಆದರೆ ಹತ್ತಿಯೇ ತೇವ ಹೀರಿ ಒಳಗಿಟ್ಟುಕೊಳ್ಳುತ್ತೆ. ಬಾಟಲಿ ತೆರೆದ ಕೂಡಲೇ ಹತ್ತಿಯನ್ನು ಎಸೆಯೋದೇ ಸರಿ.

ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಅಂಟುವ ಮಾತ್ರೆ ಎಸೀರಿ, ಹೊಸ ಸ್ಟ್ರಿಪ್ ಒಡೀರಿ ಅಂದರು. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ನಾನು ಮೆಕ್ಯಾನಿಕಲ್ ಓದಿದವನು, ಮನೆಯಲ್ಲಿ ಥ್ರೀಡಿ ಪ್ರಿಂಟರ್ ಇದೆ, ಸುಮ್ನೆ ಕೂರೋಕೆ ಆಗಲಿಲ್ಲ.

ಮೊದಲು ಮಾಡಿದ್ದು ಗುಂಡಗಿನ ಯಂತ್ರ. ಒಳಗೆ ತಿರುಗುವ ತಟ್ಟೆ, ಸುತ್ತ 21 ಗೂಡು, ಕೆಳಗೊಂದು ಸರ್ವೋ ಮೋಟರ್. ಹೊತ್ತಿಗೆ ಸರಿಯಾಗಿ ಬೀಪ್ ಅಂದು ಆ ಹೊತ್ತಿನ ಮಾತ್ರೆಯನ್ನು ಕೆಳಗಿನ ತಟ್ಟೆಗೆ ಬೀಳಿಸುತ್ತೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆಯಲ್ಲಿ ಒಂದು ಶನಿವಾರ ಇಡೀ ಅಲೆದು ಸಾಮಾನು ತಂದಿದ್ದೆ. ನಡುವೆ 10 ಗ್ರಾಂ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳು, ಹಾಕೋಕೆ ಜಾಲರಿ ಬುಟ್ಟಿ ಕೂಡ ಇತ್ತು. ನೋಡಿದವರೆಲ್ಲ ಹೊಗಳಿದರು. ಊರಿಗೆ ಹೋದ ಐದನೇ ದಿನಕ್ಕೆ ಸಿಲಿಕಾ ಜೆಲ್‌ನ ಬಣ್ಣ ಪೂರ್ತಿ ಬದಲಾಗಿತ್ತು. ಅಂದರೆ ಅದರ ಹೊಟ್ಟೆ ತುಂಬಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಯಾಕಂದರೆ ನನ್ನ ತಲೆ ಸರಿಯಾಗಿದ್ದು ಇಲ್ಲೇ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಿನ ಆವಿ ಹಿಡಿಯುತ್ತೆ. ನನ್ನ ಡಬ್ಬಿ ಅರ್ಧ ಲೀಟರ್. ಅಂದರೆ ಅದರೊಳಗಿನ ಗಾಳಿಯಲ್ಲಿರೋ ನೀರು ಬರೀ 11 ಮಿಲಿಗ್ರಾಂ, ಒಂದು ಸಣ್ಣ ಹನಿಗಿಂತ ಕಡಿಮೆ. 10 ಗ್ರಾಂ ಸಿಲಿಕಾ ಜೆಲ್ ಒಳಗಿನ ಗಾಳಿಯನ್ನು ಒಣಗಿಸಿಕೊಂಡೇ ಹತ್ತಿರ ಹತ್ತಿರ 2 ಗ್ರಾಂ ನೀರು ಹೀರಬಲ್ಲದು. ದಿನಕ್ಕೆ ಮೂರು ಸಲ ಮುಚ್ಚಳ ಪೂರ್ತಿ ತೆಗೆದು, ಪ್ರತಿ ಸಲ ಒಳಗಿನ ಗಾಳಿಯೆಲ್ಲ ಬದಲಾದರೂ ಎರಡು ತಿಂಗಳು ಬರಬೇಕು. ಐದೇ ದಿನಕ್ಕೆ ಮುಗಿಯಿತು ಅಂದರೆ ತಪ್ಪು ಮುಚ್ಚಳ ತೆಗೆಯೋದರಲ್ಲಿಲ್ಲ. ಮುಚ್ಚಿದಾಗಲೂ ಡಬ್ಬಿ ಸೋರ್ತಾ ಇದೆ, ಹಗಲೂ ರಾತ್ರಿ.

ಎಲ್ಲಿಂದ ಅಂತ ಹುಡುಕಿದೆ. ಮೋಟರ್ ದಂಡ ಒಳಗೆ ಹೋಗುವ ತೂತು ಒಂದು. ಮಾತ್ರೆ ಬೀಳುವ ಬಾಯಿ ಇನ್ನೊಂದು. ಇವೆರಡೂ ಕಣ್ಣಿಗೆ ಕಾಣೋವು. ಕಾಣದೇ ಇದ್ದಿದ್ದು ಗೋಡೆ. ಥ್ರೀಡಿ ಪ್ರಿಂಟರ್ ಪದರದ ಮೇಲೆ ಪದರ ಇಟ್ಟು ಕಟ್ಟುತ್ತಲ್ಲ, ಆ ಪದರಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದಿರುತ್ತೆ. ಜೊತೆಗೆ ಪ್ರಿಂಟರ್‌ಗೆ ನಾನು ಹಾಕಿದ್ದ ಪಿಎಲ್‌ಎ ಪ್ಲಾಸ್ಟಿಕ್ ತೇವ ತಡೆಯೋದರಲ್ಲಿ ಅಷ್ಟೇನೂ ಗಟ್ಟಿಗನಲ್ಲ. ಅಂಗಡಿಯಲ್ಲಿ ಸಿಗೋ ಪಾಲಿಪ್ರೊಪಿಲೀನ್ ತಿಂಡಿ ಡಬ್ಬಿಯೇ ಅದಕ್ಕಿಂತ ಎಷ್ಟೋ ವಾಸಿ.

ಎರಡನೇ ಸಲ ಅದನ್ನೇ ತಂದೆ. ನಾಲ್ಕೂ ಕಡೆ ಕ್ಲಿಪ್ ಇರುವ, ಮುಚ್ಚಳದಲ್ಲಿ ಬಿಳಿ ರಬ್ಬರ್ ಬಳೆ ಇರುವ ಡಬ್ಬಿ. ನೀರಿನಲ್ಲಿ ಮುಳುಗಿಸಿದೆ, ಒಂದು ಹನಿ ಒಳಗೆ ಬರಲಿಲ್ಲ. ಗೆದ್ದೆ ಅಂದುಕೊಂಡೆ. ಈ ಸಲ ಅಂದಾಜಿನ ಮಾತು ಬೇಡ ಅಂತ ಒಳಗೊಂದು ತೇವಾಂಶ ಮೀಟರ್ ಇಟ್ಟೆ. ಅಗ್ಗದ ಮೀಟರ್ ನಂಬೋಕಾಗಲ್ಲ, ಡಿಎಚ್‌ಟಿ11 ಅನ್ನೋ ನೀಲಿ ಸೆನ್ಸರ್ ಶೇಕಡಾ 5ರಷ್ಟು ಆಚೀಚೆ ಹೇಳಬಹುದು ಅಂತ ಅದರ ಕಾಗದದಲ್ಲೇ ಬರೆದಿರುತ್ತೆ. ಸರಿ ಇದೆಯಾ ಅಂತ ನೋಡೋಕೆ ಅಡುಗೆಮನೆಯಲ್ಲೇ ಉಪಾಯ ಇದೆ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಒಂದೇ ಡಬ್ಬಿಯಲ್ಲಿಟ್ಟು ಮುಚ್ಚಿ ಒಂದು ರಾತ್ರಿ ಬಿಡಿ. ಒಳಗಿನ ತೇವಾಂಶ ಶೇಕಡಾ 75ಕ್ಕೆ ಬಂದು ನಿಲ್ಲುತ್ತೆ. ನಿಮ್ಮ ಮೀಟರ್ 70 ತೋರಿಸಿದರೆ ಅದು 5 ಕಡಿಮೆ ಹೇಳ್ತಾ ಇದೆ ಅಂತ ಅರ್ಥ, ಅಷ್ಟು ಕೂಡಿಸಿಕೊಂಡು ಓದಿದರೆ ಆಯಿತು. ನನ್ನದು 69 ತೋರಿಸಿತು.

ಹಾಗೆ ಹದ ಮಾಡಿಕೊಂಡ ಮೀಟರನ್ನು ಒಣ ಡಬ್ಬಿಯೊಳಗಿಟ್ಟು, ಆ ಡಬ್ಬಿಯನ್ನು ಒದ್ದೆ ಟವೆಲ್ ಇರುವ ದೊಡ್ಡ ಬಕೆಟ್‌ನಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿದೆ. ಬೆಂಗಳೂರಿನ ಬಾಲ್ಕನಿಯಲ್ಲೇ ಮಲೆನಾಡಿನ ಮಳೆಗಾಲ! ದಿನಾ ಬೆಳಗ್ಗೆ ಹಲ್ಲುಜ್ಜುತ್ತಾ ಬಂದು ನೋಡೋದು. ಅಂಕಿ ನಿಧಾನಕ್ಕೆ ಏರ್ತಾನೇ ಇತ್ತು. ನೀರು ಒಳಗೆ ಬಾರದ ಡಬ್ಬಿಗೆ ತೇವ ಹೇಗೆ ಬರ್ತಾ ಇದೆ?

ಆ ಬಿಳಿ ಬಳೆ ಸಿಲಿಕೋನ್ ರಬ್ಬರಿನದ್ದು. ಸಿಲಿಕೋನ್ ನೀರನ್ನು ತಡೆಯುತ್ತೆ, ಆದರೆ ನೀರಿನ ಆವಿಯನ್ನು ತನ್ನ ಮೈಯೊಳಗಿನಿಂದಲೇ ದಾಟಿಸುತ್ತೆ. ರಬ್ಬರ್‌ಗಳಲ್ಲೇ ಇದು ಆವಿಯನ್ನು ಜಾಸ್ತಿ ಬಿಡೋ ಜಾತಿ ಅಂತ ಆಮೇಲೆ ಓದಿ ತಿಳಿದೆ. ತೀರ್ಥಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಅಂಗಡಿಗೆ ಹೋಗಿ, ಆವಿಯನ್ನು ಅಷ್ಟು ಬಿಡದ ಕಪ್ಪು ನೈಟ್ರೈಲ್ ರಬ್ಬರಿನ ಹುರಿ ಅಳತೆಗೆ ಕತ್ತರಿಸಿ ತಂದು, ತುದಿ ಓರೆಯಾಗಿ ಕೊಯ್ದು ಅಂಟಿಸಿ ಕೂರಿಸಿದೆ. ಅಂಗಡಿಯವರು ಎಷ್ಟು ಎಚ್‌ಪಿ ಮೋಟರ್ ಅಂತ ಕೇಳಿದರು. ಮಾತ್ರೆ ಡಬ್ಬಿಗೆ ಅಂದೆ. ಒಂದು ಕ್ಷಣ ನನ್ನ ಮುಖ ನೋಡಿ ದುಡ್ಡು ತಗೊಂಡರು.

ಬಳೆ ಬದಲಾಯಿಸಿದ ಮೇಲೆ ಅಂಕಿ ಏರೋದು ಎಷ್ಟೋ ನಿಧಾನ ಆಯಿತು. ಆದರೂ ಒಳಗಿದ್ದ ಬಿಡಿ ಮಾತ್ರೆಗಳನ್ನು ನೋಡ್ತಾ ನನಗೊಂದು ಅನುಮಾನ ಶುರುವಾಯಿತು. ನಾನು ಇಷ್ಟೆಲ್ಲ ಒದ್ದಾಡಿ ಕಟ್ಟೋಕೆ ಹೊರಟಿರೋದು, ಒಂದೊಂದು ಮಾತ್ರೆಗೂ ತೇವ ಹೋಗದ ಒಂದೊಂದು ಖಾನೆ. ಕಾರ್ಖಾನೆಯವರು ಅದನ್ನೇ ಕಟ್ಟಿ, ಅಂಟು ಹಾಕಿ, ಕೈಗೆ ಕೊಟ್ಟಿದ್ದಾರೆ. ಅದನ್ನು ಭಾನುವಾರ ಕೂತು ಒಡೆದು ಬಿಸಾಡಿ ಅಂತ ಅಮ್ಮನಿಗೆ ಹೇಳಿಕೊಟ್ಟವನು ನಾನೇ ಅಲ್ವಾ?

ಸ್ಟ್ರಿಪ್‌ಗಳಲ್ಲೂ ಜಾತಿ ಇದೆ. ಎದುರು ಬದಿಯಲ್ಲಿ ಮಾತ್ರೆ ಕಾಣುವಂಥ ಪಾರದರ್ಶಕ ಪಿವಿಸಿ ಪ್ಲಾಸ್ಟಿಕ್ ಇದ್ದರೆ ಅದರ ಮೂಲಕ ಆವಿ ಸ್ವಲ್ಪ ಸ್ವಲ್ಪ ಹೋಗುತ್ತೆ. ಎರಡೂ ಕಡೆ ಅಲ್ಯೂಮಿನಿಯಂ ಇರುವ ಸ್ಟ್ರಿಪ್‌ನಲ್ಲಿ ಹೆಚ್ಚುಕಡಿಮೆ ಏನೂ ಹೋಗಲ್ಲ. ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ತರುವಾಗ ನಾನೀಗ ಮೊದಲು ತಿರುಗಿಸಿ ನೋಡೋದೇ ಇದನ್ನ.

ಹಾಗಾಗಿ ಮೂರನೇ ಡಬ್ಬಿಯಲ್ಲಿ ಮೋಟರ್ ಇಲ್ಲ, ಬೀಪ್ ಇಲ್ಲ, 21 ಖಾನೆ ಇಲ್ಲ. ಅದೇ ಕ್ಲಿಪ್ ಡಬ್ಬಿಯೊಳಗೆ ಸ್ಟ್ರಿಪ್‌ಗಳು ಫೈಲಿನ ಹಾಗೆ ನಿಲ್ಲೋಕೆ ಮೂರು ಅಡ್ಡಗೋಡೆ. ಬೆಳಗಿನದ್ದು, ಮಧ್ಯಾಹ್ನದ್ದು, ರಾತ್ರಿಯದ್ದು. ಜೊತೆಗೆ ಹೆಬ್ಬೆಟ್ಟಿನಗಲದ ಮೂರು ಖಾನೆಯ ಪುಟ್ಟ ಡಬ್ಬಿ, ಒಂದೇ ದಿನದ್ದು. ಅಮ್ಮ ಬೆಳಗ್ಗೆ ಕಾಫಿ ಆದ ಮೇಲೆ ಆ ದಿನದ ಮಾತ್ರೆಗಳನ್ನಷ್ಟೇ ಒತ್ತಿ ಪುಟ್ಟ ಡಬ್ಬಿಗೆ ಹಾಕುತ್ತಾಳೆ. ಟೆಲ್ಮಿಸಾರ್ಟನ್ ಅದಕ್ಕೂ ಬರಲ್ಲ. ಅದನ್ನು ಅಲ್ಲೇ ಒಡೆದು ಅಲ್ಲೇ ನುಂಗಿಸೋದು.

ಸ್ಟ್ರಿಪ್ ಕತ್ತರಿಸಿ ಒಂದೊಂದು ತುಂಡು ಮಾಡಿ ಹಂಚಿಡೋಣ ಅಂತಲೂ ಯೋಚಿಸಿದ್ದೆ. ಕೈಬಿಟ್ಟೆ. ಕತ್ತರಿ ಅಂಟಿನ ಅಂಚಿಗೆ ತಾಗಿದರೆ ತೇವಕ್ಕೆ ಬಾಗಿಲು ತೆರೆದ ಹಾಗೆ. ಎಕ್ಸ್‌ಪೈರಿ ದಿನಾಂಕ ಇರುವ ತುದಿ ಎಲ್ಲೋ ಹೋಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಕಣ್ಣು ಮಂಜಾದ ಹಿರಿಯರು ಆ ತುಂಡನ್ನು ಹಾಗೇ ನುಂಗಿಬಿಟ್ಟು, ಚೂಪು ಮೂಲೆ ಅನ್ನನಾಳಕ್ಕೆ ಚುಚ್ಚಿದ ಪ್ರಕರಣಗಳಿವೆ. ಅಪ್ಪಯ್ಯ ಕತ್ತಲಲ್ಲೇ ಮಾತ್ರೆ ತಗೊಳ್ಳೋರು.

ಸಿಲಿಕಾ ಜೆಲ್‌ನದ್ದೂ ಇದೇ ಭಯ. ಬಿಡಿ ಪೊಟ್ಟಣ ಡಬ್ಬಿಯಲ್ಲಿದ್ದರೆ ಒಂದು ದಿನ ಯಾರಾದರೂ ಬಾಯಿಗೆ ಹಾಕಿಕೊಳ್ತಾರೆ. ಅದಕ್ಕೆ ಪರಿಹಾರ ಸಿಕ್ಕಿದ್ದು ನೀರಿಗೆ ಹಾಕಿದರೆ ಬುಸ್ಸೆನ್ನುವ ವಿಟಮಿನ್ ಸಿ ಮಾತ್ರೆಯ ಕೊಳವೆಯಲ್ಲಿ. ಅದರ ಮುಚ್ಚಳ ತಿರುಗಿಸಿ ನೋಡಿದ್ದೀರಾ? ಒಳಗೆ ಸುರುಳಿ ಸ್ಪ್ರಿಂಗ್, ಅದರ ಮೇಲೆ ರಟ್ಟಿನ ಬಿಲ್ಲೆ, ಬಿಲ್ಲೆಯ ಹಿಂದೆ ಹರಳು. ಹರಳು ಬೀಳಲ್ಲ, ತೇವ ಮಾತ್ರ ಒಳಗೆ ಹೋಗುತ್ತೆ. ಇಷ್ಟು ದಿನ ಖಾಲಿಯಾದ ಕೂಡಲೇ ಕಸಕ್ಕೆ ಎಸೀತಾ ಇದ್ದೆ. ಅದೇ ರೀತಿಯಲ್ಲಿ ನನ್ನ ಮುಚ್ಚಳದ ಒಳಬದಿಗೆ ಜಾಲರಿ ಹಾಕಿ ಸ್ಕ್ರೂ ಬಿಗಿದೆ. ನೀಲಿ ಹರಳು ಬೇಡ, ಆ ಬಣ್ಣ ಕೋಬಾಲ್ಟ್ ಕ್ಲೋರೈಡಿನದ್ದು, ವಿಷ. ಕಿತ್ತಳೆ ಬಣ್ಣದ್ದು ತಗೊಳ್ಳಿ.

ಉಳಿದ ಸಲಹೆಗಳು ಊರಿನವರದ್ದು. ಪಕ್ಕದ ಮನೆ ಅತ್ತೆ ಉಪ್ಪಿನ ಡಬ್ಬಿಗೆ ಹಾಕುವ ಹಾಗೆ ಅಕ್ಕಿ ಹಾಕಿ ಅಂದರು. ಜುಲೈನಲ್ಲಿ ನಮ್ಮನೆ ಅಕ್ಕಿಯೇ ಹುಳ ಹಿಡಿಯುವಷ್ಟು ತೇವ ಕುಡಿದಿರುತ್ತೆ, ಅದು ಇನ್ನೇನು ಹೀರುತ್ತೆ. ಫ್ರಿಜ್‌ನಲ್ಲಿಡಿ ಅಂದರು ಇನ್ನೊಬ್ಬರು. ತಣ್ಣಗಿನ ಡಬ್ಬಿ ಹೊರಗೆ ತೆಗೆದು ಮುಚ್ಚಳ ಬಿಚ್ಚಿದರೆ ತಂಬಿಗೆ ಮೇಲೆ ಬೆವರು ಬರೋ ಹಾಗೆ ಮಾತ್ರೆ ಮೇಲೆ ಬರುತ್ತೆ. ಅಪ್ಪಯ್ಯ ಹೇಳಿದ್ದು ಸುಡುಸುಣ್ಣ. ಅದು ನಿಜಕ್ಕೂ ತೇವ ಎಳೆಯುತ್ತೆ, ಚೆನ್ನಾಗಿಯೇ ಎಳೆಯುತ್ತೆ. ಆದರೆ ನೀರು ಬಿದ್ದರೆ ಕುದಿಯೋಷ್ಟು ಕಾಯುತ್ತೆ, ಅಡುಗೆಮನೆ ಕಪಾಟಿಗೆ ಅಲ್ಲ.

ಈ ವರ್ಷ ಜುಲೈನಲ್ಲಿ ಹೋದಾಗ ತೇವಾಂಶ ಹೊರಗೆ ಶೇಕಡಾ 93, ಡಬ್ಬಿಯೊಳಗೆ 38. ಹರಳು ಬದಲಾಯಿಸಿದ್ದು ತಿಂಗಳಿಗೊಂದು ಸಲ. ಮಾತ್ರೆ ಕಟಕಟ ಅನ್ನುವಷ್ಟು ಗಟ್ಟಿ.

ಅರ್ಧ ಗೆದ್ದೆ ಅಂದಿದ್ದು ಯಾಕೆ ಅಂದರೆ, ನೈಟ್ರೈಲ್ ಬಳೆ ಹಾಕಿದ ಮೇಲೆ ಕ್ಲಿಪ್ ಎಷ್ಟು ಬಿಗಿಯಾಗಿದೆ ಅಂದರೆ ಅಪ್ಪಯ್ಯನ ಬೆರಳಿಗೆ ಬಿಚ್ಚೋಕೆ ಆಗಲ್ಲ. ಅಮ್ಮ ಮದುವೆಮನೆಗೆ ಹೋದ ದಿನ ಚಮಚದ ಹಿಡಿ ತೂರಿಸಿ ಮೀಟಿದ್ದಾರೆ, ಒಂದು ಕ್ಲಿಪ್ ಮುರಿದಿದೆ. ಈಗ ಅಲ್ಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದೆ. ಮುಂದಿನ ಸಲಕ್ಕೆ ಉದ್ದ ಹಿಡಿಯ ಕ್ಲಿಪ್ ಪ್ರಿಂಟ್ ಮಾಡಿಕೊಂಡು ಹೋಗಬೇಕು, ಎರಡು ಬೆರಳಲ್ಲಿ ಎತ್ತುವ ಹಾಗೆ.