ಪೈಪಿನಲ್ಲಿ ನೀರಿದ್ದರೆ

18 ಫೆಬ್ರವರಿ 2024, ಭಾನುವಾರ
ಹಾಸನ

ಸಕಲೇಶಪುರದಿಂದ ಈಗಷ್ಟೇ ಬಂದೆ. ರಾತ್ರಿ ಹತ್ತಾಗಿದೆ. ಬರೆದೇ ಮಲಗುತ್ತೇನೆ.

ಹೋದ ವರ್ಷ ಮೆಣಸು ಕೊಯ್ಯುವಾಗ ಚಿಕ್ಕಪ್ಪ ಏಣಿಯಿಂದ ಬಿದ್ದರು. ಬೆನ್ನುಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಯಿತು. ಕೈಗಳು ಚೆನ್ನಾಗಿವೆ, ಕಾಲು ಮಾತ್ರ ಅಲ್ಲಾಡುವುದಿಲ್ಲ. ಫಿಸಿಯೋಥೆರಪಿ ನನ್ನ ಕೆಲಸವೇ ಆದ್ದರಿಂದ ಪ್ರತಿ ಭಾನುವಾರ ಹೋಗಿ ವ್ಯಾಯಾಮ ಮಾಡಿಸುತ್ತೇನೆ.

ಶುಕ್ರವಾರ ಬೆಂಗಳೂರಿನಲ್ಲಿ ಅವರಿಗೆ ಟಿಎಂಎಸ್ ಪರೀಕ್ಷೆ ಆಯಿತು. ಮಿದುಳಿನಿಂದ ಹೊರಟ ಸುದ್ದಿ ಕಾಲಿಗೆ ಮುಟ್ಟುತ್ತದಾ ಅಂತ ಕಾಂತದಿಂದ ನೋಡುವ ಪರೀಕ್ಷೆ ಇದು. ನೆತ್ತಿಯ ಮೇಲೆ ತಂತಿಯ ಸುರುಳಿ ಹಿಡಿಯುತ್ತಾರೆ. 'ಟಕ್' ಅನ್ನುತ್ತದೆ, ಅಷ್ಟೇ. ಸುರುಳಿಯಲ್ಲಿ ಹುಟ್ಟಿದ ಕಾಂತಶಕ್ತಿ ಬುರುಡೆ ದಾಟಿ ಮಿದುಳಿನಲ್ಲಿ ಸಣ್ಣ ಕರೆಂಟ್ ಎಬ್ಬಿಸುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಆಂಟನಿ ಬಾರ್ಕರ್ ಮತ್ತು ಜೊತೆಗಾರರು ಇದನ್ನು ಮೊದಲು ಮಾಡಿ ತೋರಿಸಿದರು.

ಇವತ್ತು ಜಗಲಿಯಲ್ಲಿ ಕೂತಾಗ ಚಿಕ್ಕಪ್ಪ ಕೇಳಿದರು: "ಪುಟ್ಟಿ, ಪೆಟ್ಟು ಬಿದ್ದಿದ್ದು ಬೆನ್ನಿಗೆ. ತಲೆಗೆ ಯಾಕೆ ಹಿಡಿದರು?"

ಹೇಳಿದೆ. ಕಾಲನ್ನು ಆಡಿಸುವ ಜಾಗ ಮಿದುಳಿನಲ್ಲಿ ನೆತ್ತಿಯ ಕೆಳಗೇ ಇದೆ. ಅಲ್ಲಿಂದ ಹೊರಟ ನರದ ಎಳೆಗಳಲ್ಲಿ ಹೆಚ್ಚಿನವು ಮಿದುಳಿನ ಬುಡದಲ್ಲಿ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ದಾಟಿ ಬೆನ್ನುಹುರಿಗೆ ಇಳಿಯುತ್ತವೆ. ಹುರಿಯ ಮುಂಭಾಗದಲ್ಲಿ ಸ್ನಾಯುವನ್ನು ಆಡಿಸುವ ನರಕೋಶಗಳು ಕಾಯುತ್ತಿರುತ್ತವೆ. 'ಟಕ್' ಒಂದೇ ಆದರೂ ಸುದ್ದಿ ಒಂದೇ ಸಲಕ್ಕೆ ಇಳಿಯುವುದಿಲ್ಲ. ಒಂದರ ಹಿಂದೊಂದು ಅಲೆ ಬರುತ್ತದೆ. ಅವೆಲ್ಲ ಕೂಡಿ ಒಂದು ಮಟ್ಟ ಮುಟ್ಟಿದರೆ ಮಾತ್ರ ಆ ಕೋಶ ಸ್ನಾಯುವಿಗೆ ಹೇಳುತ್ತದೆ. ಸುದ್ದಿ ಮುಟ್ಟಲು ಕೈಬೆರಳಿಗೆ ಸುಮಾರು 20 ಮಿಲಿಸೆಕೆಂಡ್, ಮೊಣಕಾಲಿನ ಕೆಳಗಿನ ಸ್ನಾಯುವಿಗೆ 30ರ ಹತ್ತಿರ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಸ್ನಾಯುವಿಗೆ ಸುದ್ದಿ ಮುಟ್ಟಿದರೆ ಪರದೆಯ ಮೇಲಿನ ಗೆರೆಯಲ್ಲಿ ಅಲೆ ಏಳುತ್ತದೆ. ಚಿಕ್ಕಪ್ಪನ ಎಡಗಾಲಿನಲ್ಲಿ ಏನೂ ಬರಲಿಲ್ಲ. ಬಲಗಾಲಿನಲ್ಲೂ ಮೊದಲು ಗೆರೆ ಚಪ್ಪಟೆಯೇ. ಆಮೇಲೆ ಡಾಕ್ಟರು "ಪಾದ ಎತ್ತೋಕೆ ನೋಡಿ" ಅಂದರು. ಪಾದ ಏಳಲಿಲ್ಲ. ಆದರೆ ಅದೇ ಹೊತ್ತಿಗೆ 'ಟಕ್' ಅಂದಾಗ ಪರದೆಯ ಮೇಲೆ ಸಣ್ಣದೊಂದು ಅಲೆ ಎದ್ದಿತು. ತಡವಾಗಿ, ಆದರೆ ಪ್ರತಿ ಸಲವೂ. ಅಂದರೆ ದಾರಿ ಪೂರ್ತಿ ಕಡಿದಿಲ್ಲ. ಕೆಲವು ಎಳೆಗಳು ಉಳಿದಿವೆ. ನನಗೆ ಅಲ್ಲೇ ಅಳು ಬಂತು.

"ನಾನು ಎತ್ತೋಕೆ ನೋಡಿದಾಗ ಮಾತ್ರ ಯಾಕೆ ಬಂತು?" ಅಂತ ಚಿಕ್ಕಪ್ಪ. ನಾನು ಮಾತು ಹುಡುಕುತ್ತಿದ್ದೆ. ಕೆಳಗೆ ತೋಟದಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದ್ದರು. ಅವರೇ ಅದರ ಕಡೆ ನೋಡುತ್ತಾ ಹೇಳಿದರು: "ಪೈಪಲ್ಲಿ ಮೊದಲೇ ನೀರು ನಿಂತಿದ್ದರೆ, ಮೋಟಾರ್ ಹಾಕಿದ ತಕ್ಷಣ ತುದಿಯ ಜೆಟ್ ತಿರುಗುತ್ತೆ, ಹಾಗೇ ಅಲ್ವಾ?"

ಹಾಗೇ! ಎತ್ತಬೇಕು ಅಂತ ಮನಸ್ಸು ಮಾಡಿದಾಗಲೇ ಉಳಿದ ಎಳೆಗಳು ಆ ನರಕೋಶಗಳನ್ನು ಅರ್ಧ ಎಬ್ಬಿಸಿಟ್ಟಿರುತ್ತವೆ. ಮೇಲಿನಿಂದ ಬಂದ ಅಲೆ ಮಿಕ್ಕಿದ್ದನ್ನು ತುಂಬುತ್ತದೆ.

ಇದು ಪರೀಕ್ಷೆ, ಔಷಧಿ ಅಲ್ಲ. ನಡೆಯುತ್ತಾರೆ ಅಂತ ನಾನು ಚಿಕ್ಕಮ್ಮನಿಗೆ ಹೇಳಲಿಲ್ಲ, ಹೇಳಬಾರದು ಕೂಡ. ಆದರೆ ಒಂದು ವಿಷಯ ಚುಚ್ಚುತ್ತಿದೆ. ಇಷ್ಟು ದಿನ ನಾನು ಕಾಲು ಎತ್ತಿ ಇಳಿಸುವಾಗ ಅವರು ಸುಮ್ನೆ ಟಿವಿ ನೋಡುತ್ತಿದ್ದರು. ನಾನೂ ಬಿಟ್ಟುಬಿಟ್ಟಿದ್ದೆ.

ಸಂಜೆ ಟಿವಿ ಆರಿಸಿದೆ. ಬಲಪಾದ ಹಿಡಿದೆ. ಚಿಕ್ಕಪ್ಪ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, "ಈಗ ಎತ್ತು ಪುಟ್ಟಿ, ನಾನೂ ಎತ್ತುತ್ತಿದ್ದೀನಿ" ಅಂದರು.